ಮೂಲ ಚಿತ್ರದಿಂದ ಕಲಾಮುದ್ರಣದವರೆಗೆ: ಫೈಲ್ ಸಿದ್ಧಪಡಿಸುವ ಸಮಗ್ರ ಮಾರ್ಗದರ್ಶಿ

ಪ್ರಿಂಟ್ ಕಪ್ಪಿಟ್ಟಿದೆ, ಕುಂಕುಮದ ಕೆಂಪು ಒಂದೇ ಮುದ್ದೆಯಾಗಿ ಬಂದಿದೆ, ಚಿನ್ನದ ರೇಕಿನ ಕೆಲಸ ಕಂದುಬಣ್ಣಕ್ಕೆ ತಿರುಗಿದೆ, ಸಹಿಯ ಅರ್ಧ ಭಾಗ ಅಂಚಿನಲ್ಲಿ ಕತ್ತರಿಸಿಹೋಗಿದೆ. ಬೆಂಗಳೂರಿನ ಚಿತ್ರಸಂತೆಗೆಂದು ತಮ್ಮ ಕೃತಿಗಳ ಪ್ರಿಂಟ್ ತೆಗೆಸುವ ಕಲಾವಿದರಿಂದ ಮತ್ತೆ ಮತ್ತೆ ಕೇಳಿಬರುವ ದೂರುಗಳು ಇವೇ. ದೂರು ಸಾಮಾನ್ಯವಾಗಿ ಮುದ್ರಕರ ಮೇಲಿರುತ್ತದೆ. ಆದರೆ ಫೈಲನ್ನು ತೆರೆದು ನೋಡಿದರೆ ತಪ್ಪಿನ ಬೇರು ಬಹುಪಾಲು ಸಂದರ್ಭಗಳಲ್ಲಿ ಮುದ್ರಣಕ್ಕಿಂತ ಬಹಳ ಹಿಂದಿನ ಹಂತದಲ್ಲಿ, ಅಂದರೆ ಚಿತ್ರವನ್ನು ಕ್ಯಾಮೆರಾದಲ್ಲಿ ಸೆರೆಹಿಡಿದ ಬಗೆಯಲ್ಲಿ ಅಥವಾ ಅದನ್ನು ತಿದ್ದಿದ ಮಾನಿಟರಿನ ಹೊಳಪಿನಲ್ಲಿ ಇರುತ್ತದೆ.

ಆದ್ದರಿಂದ ಈ ಬರಹದಲ್ಲಿ ಹಂತಗಳ ಕ್ರಮಕ್ಕೆ ಹೆಚ್ಚಿನ ಒತ್ತು ಕೊಟ್ಟಿದ್ದೇನೆ. ಅಳತೆ ನಿರ್ಧರಿಸುವ ಮುನ್ನ ಫೋಟೋ ತೆಗೆಯುವುದು, ಮಾನಿಟರ್ ಸರಿಪಡಿಸುವ ಮುನ್ನ ಬಣ್ಣ ತಿದ್ದುವುದು, ಅಂತಿಮ ಅಳತೆಗೆ ತರುವ ಮುನ್ನ ಶಾರ್ಪನ್ ಮಾಡುವುದು (ಗೆರೆಗಳ ಅಂಚನ್ನು ಚುರುಕುಗೊಳಿಸುವುದು), ಈ ಮೂರೂ ಕೆಲಸವನ್ನು ಹಾಳುಮಾಡುತ್ತವೆ. ಉದಾಹರಣೆಗೆ ಎರಡು ಬಗೆಯ ಕೃತಿಗಳನ್ನು ತೆಗೆದುಕೊಂಡಿದ್ದೇನೆ: ಕಾಗದದ ಮೇಲಿನ ಜಲವರ್ಣ, ಮತ್ತು ಗೆಸ್ಸೋ (ಬಿಳಿ ಪುಡಿ ಮತ್ತು ಅಂಟಿನ ಲೇಪ) ಉಬ್ಬಿನ ಮೇಲೆ ಚಿನ್ನದ ರೇಕು ಹಚ್ಚಿದ ಮೈಸೂರು ಸಾಂಪ್ರದಾಯಿಕ ಚಿತ್ರ. ಈ ಎರಡರ ಕಷ್ಟಗಳನ್ನು ಅರಿತವರಿಗೆ ಆಕ್ರಿಲಿಕ್ ಮತ್ತು ತೈಲವರ್ಣಗಳ ಕೆಲಸ ತೊಡಕಾಗಲಾರದು.

ಬೇಕಾಗುವ ಸಲಕರಣೆಗಳು

ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಫೈಲ್) ಕೊಡುವ ಕ್ಯಾಮೆರಾ, 50ರಿಂದ 100 ಮಿಲಿಮೀಟರ್ ನಡುವಿನ ಒಂದು ಲೆನ್ಸ್, ಗಟ್ಟಿಯಾದ ಟ್ರೈಪಾಡ್, ಒಂದೇ ಮಾದರಿಯ ಎರಡು ದೀಪಗಳು ಮತ್ತು 24 ಬಣ್ಣದ ಚೌಕಗಳಿರುವ ಕಲರ್ ಚೆಕರ್ ಕಾರ್ಡ್, ಇಷ್ಟು ಅಗತ್ಯ. ದೀಪಗಳ ಸಿಆರ್‌ಐ ಸಂಖ್ಯೆ (ಆ ಬೆಳಕಿನಲ್ಲಿ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂಬುದರ ಅಳತೆ) 95 ಅಥವಾ ಅದಕ್ಕಿಂತ ಹೆಚ್ಚಿರಲಿ. ಬೆಳಕಿನ ಬಣ್ಣ 5000ದಿಂದ 5500 ಕೆಲ್ವಿನ್ ನಡುವೆ ಇರಲಿ. ಇದರ ಜೊತೆಗೆ ಅಂಗೈಯಗಲದ ಚಪ್ಪಟೆ ಕನ್ನಡಿ, ದೊಡ್ಡ ಬಿಳಿ ಥರ್ಮಕೋಲ್ ಹಾಳೆ ಮತ್ತು ಕಪ್ಪು ಬಟ್ಟೆ ಬೇಕು. ಪರದೆಯ ಬಣ್ಣ ಮತ್ತು ಹೊಳಪನ್ನು ಅಳೆದು ಸರಿಪಡಿಸುವ ಮಾನಿಟರ್ ಕ್ಯಾಲಿಬ್ರೇಟರ್ ದುಬಾರಿಯಾದರೂ ಕೊಂಡುಕೊಳ್ಳಬೇಕಾದ ವಸ್ತು. ಒಬ್ಬರಿಗೇ ಕಷ್ಟವಾದರೆ ನಾಲ್ಕೈದು ಕಲಾವಿದರು ಸೇರಿ ಒಂದನ್ನು ಕೊಳ್ಳಬಹುದು, ಏಕೆಂದರೆ ಅದರ ಕೆಲಸ ತಿಂಗಳಿಗೊಮ್ಮೆ ಮಾತ್ರ.

ಹಂತ 1: ಅಳತೆಯನ್ನೂ ಕಾಗದವನ್ನೂ ಮೊದಲೇ ನಿರ್ಧರಿಸಿ

ಪ್ರಿಂಟ್ ಎಷ್ಟು ದೊಡ್ಡದಿರಬೇಕು ಎಂಬುದು ತೀರ್ಮಾನವಾಗದೆ ಕ್ಯಾಮೆರಾವನ್ನು ಕೈಗೆತ್ತಿಕೊಳ್ಳಬೇಡಿ. ಲೆಕ್ಕ ಸರಳವಾಗಿದೆ: ಮುದ್ರಣದ ಅಳತೆಯನ್ನು ಇಂಚುಗಳಲ್ಲಿ ಬರೆದು, ಇಂಚಿಗೆ 300 ಪಿಕ್ಸೆಲ್‌ನಂತೆ, 300ರಿಂದ ಗುಣಿಸಿದರೆ ಬೇಕಾಗುವ ಪಿಕ್ಸೆಲ್‌ಗಳ ಸಂಖ್ಯೆ ಸಿಗುತ್ತದೆ. ಎ3 ಹಾಳೆ 11.7 × 16.5 ಇಂಚು, ಅದಕ್ಕೆ 3508 × 4961 ಪಿಕ್ಸೆಲ್ ಬೇಕು. ಎ2 ಹಾಳೆಗೆ 4961 × 7016 ಪಿಕ್ಸೆಲ್ ಬೇಕು. 24 ಮೆಗಾಪಿಕ್ಸೆಲ್ ಕ್ಯಾಮೆರಾ 6000 × 4000 ಪಿಕ್ಸೆಲ್ ಕೊಡುವುದರಿಂದ ಅದರ ಇಡೀ ಚೌಕಟ್ಟನ್ನು ಬಳಸಿದರೆ 20 × 13.3 ಇಂಚಿನ ಪ್ರಿಂಟ್ ಸಿಗುತ್ತದೆ. ಚಿತ್ರ ಚೌಕಾಕಾರವಾಗಿದ್ದರೆ ಎರಡೂ ಬದಿಯ ಪಿಕ್ಸೆಲ್‌ಗಳು ವ್ಯರ್ಥವಾಗಿ 4000 × 4000 ಮಾತ್ರ ಉಳಿಯುತ್ತದೆ ಎಂಬುದನ್ನು ಹಲವರು ಗಮನಿಸುವುದಿಲ್ಲ.

ಕ್ಯಾನ್ವಾಸ್ ಮೇಲೆ ದೊಡ್ಡದಾಗಿ ಮುದ್ರಿಸಿ ದೂರದಿಂದ ನೋಡುವ ಚಿತ್ರಕ್ಕೆ ಇಂಚಿಗೆ 200 ಪಿಕ್ಸೆಲ್ ಸಾಕು, 150ಕ್ಕೂ ನಡೆಯುತ್ತದೆ. ಕೈಯಲ್ಲಿ ಹಿಡಿದು ನೋಡುವ ಸಣ್ಣ ಪ್ರಿಂಟಿಗೆ, ಅದರಲ್ಲೂ ಕೂದಲೆಳೆಯ ಗೆರೆಗಳಿರುವ ಮೈಸೂರು ಶೈಲಿಯ ಚಿತ್ರಕ್ಕೆ, 300ಕ್ಕಿಂತ ಕೆಳಗಿಳಿಯಬಾರದು. ಫೋಟೋಶಾಪ್‌ನಲ್ಲಿ ರೆಸಲ್ಯೂಶನ್ (ಇಂಚಿಗೆ ಎಷ್ಟು ಪಿಕ್ಸೆಲ್) 72 ಎಂದಿದ್ದ ಸಂಖ್ಯೆಯನ್ನು 300 ಎಂದು ತಿದ್ದಿ ಕಳುಹಿಸುವುದು ಅತಿ ಸಾಮಾನ್ಯವಾದ ತಪ್ಪು. ಆ ಸಂಖ್ಯೆ ಬದಲಾದ ಮಾತ್ರಕ್ಕೆ ಚಿತ್ರದಲ್ಲಿ ಇಲ್ಲದ ವಿವರ ಹುಟ್ಟಿಬರುವುದಿಲ್ಲ.

ಮೂಲ ಚಿತ್ರದ ಉದ್ದಗಲಗಳ ಅನುಪಾತ ಮತ್ತು ಹಾಳೆಯ ಅನುಪಾತ ಒಂದೇ ಆಗಿರುವುದು ಅಪರೂಪ. 15 × 22 ಇಂಚಿನ ಜಲವರ್ಣ ಚಿತ್ರವನ್ನು ಎ3 ಹಾಳೆಯಲ್ಲಿ ಮೇಲೆ ಕೆಳಗೆ ಒಂದೊಂದು ಇಂಚು ಅಂಚು ಬಿಟ್ಟು ಕೂರಿಸಿದರೆ ಚಿತ್ರದ ಅಳತೆ ಸುಮಾರು 9.9 × 14.5 ಇಂಚು ಆಗುತ್ತದೆ. ಹಾಳೆ ತುಂಬಲಿ ಎಂದು ಚಿತ್ರವನ್ನು ಎಳೆದು ಹಿಗ್ಗಿಸುವುದಾಗಲಿ ಬದಿಗಳನ್ನು ಕತ್ತರಿಸುವುದಾಗಲಿ ಬೇಡ. ಬಿಳಿ ಅಂಚು ಹೇಗೂ ಬೇಕು: ಚೌಕಟ್ಟು ಹಾಕುವವರಿಗೆ ಹಿಡಿತ ಸಿಗುತ್ತದೆ, ಪೆನ್ಸಿಲ್‌ನಲ್ಲಿ ಸಹಿ ಮತ್ತು ಪ್ರತಿಯ ಸಂಖ್ಯೆ ಬರೆಯಲು ಜಾಗವೂ ಉಳಿಯುತ್ತದೆ.

ಕಾಗದದ ಆಯ್ಕೆ ಚಿತ್ರದ ಸ್ವಭಾವವನ್ನು ಅನುಸರಿಸಬೇಕು. ಹತ್ತಿಯ ನಾರಿನ ಮ್ಯಾಟ್ ಕಾಗದ, ಉದಾಹರಣೆಗೆ 308 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ) ತೂಕದ ಹಾನೆಮ್ಯೂಲೆ ಫೋಟೋ ರ‍್ಯಾಗ್, ಜಲವರ್ಣಕ್ಕೆ ಬಹಳ ಹೊಂದುತ್ತದೆ. ಆದರೆ ಅದರಲ್ಲಿ ಕಪ್ಪು ಅಷ್ಟು ಆಳವಾಗಿ ಬರುವುದಿಲ್ಲ. ಬೇರಿಯಂ ಸಲ್ಫೇಟ್ ಲೇಪವಿರುವ ಬರೈಟಾ ಕಾಗದದಲ್ಲಿ ಕಪ್ಪೂ ಗಾಢ ವರ್ಣಗಳೂ ತುಂಬಿಕೊಂಡು ಬರುತ್ತವೆ, ಜೊತೆಗೆ ಸ್ವಲ್ಪ ಹೊಳಪೂ ಇರುತ್ತದೆ. ಕ್ಯಾನ್ವಾಸಿನ ನೇಯ್ಗೆ ಸೂಕ್ಷ್ಮ ಗೆರೆಗಳನ್ನು ನುಂಗಿಬಿಡುವುದರಿಂದ ಮೈಸೂರು ಚಿತ್ರಗಳಿಗೆ ಅದನ್ನು ನಾನು ಸೂಚಿಸುವುದಿಲ್ಲ. ಕಣ್ಣು ಕುಕ್ಕುವಷ್ಟು ಬೆಳ್ಳಗಿರುವ ಕಾಗದಗಳಲ್ಲಿ ಸಾಮಾನ್ಯವಾಗಿ ಹೊಳಪುಕಾರಕ ರಾಸಾಯನಿಕ ಸೇರಿರುತ್ತದೆ; ಕಾಲ ಕಳೆದಂತೆ ಅದರ ಪ್ರಭಾವ ಕುಂದಿ ಕಾಗದ ಹಳದಿಗೆ ತಿರುಗುತ್ತದೆ. ಬಹುಕಾಲ ಬಾಳಬೇಕಾದ ಪ್ರಿಂಟಿಗೆ ಆ ರಾಸಾಯನಿಕವಿಲ್ಲದ ಕಾಗದವನ್ನೇ ಕೇಳಿ.

ಇಲ್ಲಿಯೇ ಒಂದು ಮಾತು ಹೇಳಬೇಕು. ಮೂಲ ಕೃತಿಯನ್ನು ಈಗಾಗಲೇ ಮಾರಿದ್ದರೂ, ಹಕ್ಕನ್ನು ಲಿಖಿತವಾಗಿ ವರ್ಗಾಯಿಸಿಲ್ಲದಿದ್ದರೆ, ಪ್ರತಿ ಮಾಡುವ ಹಕ್ಕು 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಕಲಾವಿದರಲ್ಲೇ ಉಳಿದಿರುತ್ತದೆ. ಆದರೆ ಯಾರಾದರೂ ಹಣ ಕೊಟ್ಟು ಹೇಳಿ ಬರೆಸಿಕೊಂಡ ಚಿತ್ರವಾದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಹಕ್ಕು ಬರೆಸಿಕೊಂಡವರದೇ ಆಗುತ್ತದೆ. ಅಂಥ ಚಿತ್ರದ ಪ್ರಿಂಟ್ ಮಾರುವ ಮುನ್ನ ಅವರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ.

ಹಂತ 2: ಮೂಲ ಚಿತ್ರವನ್ನು ಸಜ್ಜುಗೊಳಿಸಿ

ಚಿತ್ರವನ್ನು ಗಾಜಿನ ಚೌಕಟ್ಟಿನಿಂದ ಹೊರತೆಗೆಯಿರಿ. ವಾರ್ನಿಶ್ ಹಚ್ಚಬೇಕಾದ ಚಿತ್ರವಿದ್ದರೆ ಅದಕ್ಕೆ ಮುಂಚೆಯೇ ಫೋಟೋ ತೆಗೆಯಿರಿ, ಏಕೆಂದರೆ ವಾರ್ನಿಶ್ ಹಚ್ಚಿದ ಮೇಲೆ ಪ್ರತಿಫಲನದ ಕಾಟ ಇಮ್ಮಡಿಯಾಗುತ್ತದೆ. ಮೃದುವಾದ ಒಣ ಕುಂಚದಿಂದ ಧೂಳು ತೆಗೆಯಿರಿ. ಇಲ್ಲಿ ಬಿಟ್ಟ ಒಂದೊಂದು ಕಣವನ್ನೂ ಮುಂದೆ ಕಂಪ್ಯೂಟರಿನಲ್ಲಿ ಹುಡುಕಿ ಅಳಿಸಬೇಕಾಗುತ್ತದೆ.

ಜಲವರ್ಣದ ಕಾಗದ ಅಲೆಯಲೆಯಾಗಿ ಬಾಗಿದ್ದರೆ ಅದನ್ನು ಎರಡು ಶುಭ್ರ ಕಾಗದಗಳ ನಡುವೆ ಇಟ್ಟು, ಮೇಲೆ ಹಲಗೆ ಮತ್ತು ಭಾರ ಹೇರಿ, ಒಂದೆರಡು ದಿನ ಬಿಡಿ. ಕರಾವಳಿಯಲ್ಲಿ ಮತ್ತು ಮಲೆನಾಡಿನಲ್ಲಿ ಮಳೆಗಾಲದ ತೇವಕ್ಕೆ ಕಾಗದ ಬಹುಬೇಗ ಬಾಗುವುದರಿಂದ ಭಾರ ತೆಗೆದ ಕೂಡಲೇ ಸೆರೆಹಿಡಿಯುವ ಕೆಲಸವನ್ನು ಮುಗಿಸಬೇಕು. ಪೇಸ್ಟಲ್, ಇದ್ದಿಲು ಮತ್ತು ಗೆಸ್ಸೋ ಉಬ್ಬಿರುವ ಕೃತಿಗಳ ಮೇಲೆ ಭಾರ ಹೇರುವುದು ಸಲ್ಲದು.

ಹಂತ 3: ಸ್ಕ್ಯಾನರ್ ಯಾವಾಗ, ಕ್ಯಾಮೆರಾ ಯಾವಾಗ

ಎ4 ಅಳತೆಯೊಳಗಿನ, ಚಪ್ಪಟೆಯಾದ, ಹೊಳಪಿಲ್ಲದ ಚಿತ್ರಕ್ಕೆ ಒಳ್ಳೆಯ ಸ್ಕ್ಯಾನರ್ ಸಾಕು. 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿಗಳಂತೆ) ಸ್ಕ್ಯಾನ್ ಮಾಡಿದ ಎ4 ಚಿತ್ರವನ್ನು ಎ2ವರೆಗೆ ಹಿಗ್ಗಿಸಿ ಮುದ್ರಿಸಬಹುದು. 48 ಬಿಟ್ ಬಣ್ಣದ ಆಯ್ಕೆ ಇದ್ದರೆ ಅದನ್ನು ಆರಿಸಿ, ವಿವರ ಕಳೆಯದ ಟಿಫ್ ಫೈಲ್ ಆಗಿ ಉಳಿಸಿ, ತಾನಾಗಿಯೇ ಬಣ್ಣ, ಹೊಳಪು, ಶಾರ್ಪ್‌ನೆಸ್ ತಿದ್ದುವ ಎಲ್ಲ ಆಯ್ಕೆಗಳನ್ನೂ ಆಫ್ ಮಾಡಿ. ತೆಳುವಾದ ಅಗ್ಗದ ಸ್ಕ್ಯಾನರ್‌ಗಳಲ್ಲಿ ಸಾಮಾನ್ಯವಾಗಿ ಸಿಐಎಸ್ ಎಂಬ ಬಗೆಯ ಸೆನ್ಸರ್ ಇರುತ್ತದೆ. ಗಾಜಿನಿಂದ ಕಾಗದ ಸ್ವಲ್ಪವೇ ಮೇಲೆದ್ದಿದ್ದರೂ ಆ ಭಾಗ ಮಸುಕಾಗುತ್ತದೆ. ಸಿಸಿಡಿ ಸೆನ್ಸರಿನ ಸ್ಕ್ಯಾನರ್‌ಗೆ ಈ ದೋಷ ಕಡಿಮೆ.

ಚಿತ್ರ ಗಾಜಿಗಿಂತ ದೊಡ್ಡದಿದ್ದರೆ ತುಂಡುತುಂಡಾಗಿ ಸ್ಕ್ಯಾನ್ ಮಾಡಿ ಜೋಡಿಸಬಹುದು. ಪ್ರತಿ ತುಂಡು ಪಕ್ಕದ ತುಂಡಿನ ಮೇಲೆ ಕಾಲು ಭಾಗದಷ್ಟು ಹರಡಿರಲಿ, ಮತ್ತು ಎಲ್ಲ ತುಂಡುಗಳಲ್ಲೂ ಚಿತ್ರದ ತಲೆ ಒಂದೇ ದಿಕ್ಕಿಗೆ ಇರಲಿ. ಸ್ಕ್ಯಾನರಿನ ಬೆಳಕು ಒಂದೇ ಬದಿಯಿಂದ ಬೀಳುವುದರಿಂದ ಕಾಗದವನ್ನು ತಿರುಗಿಸಿ ಇಟ್ಟರೆ ಅದರ ಮೇಲ್ಮೈಯ ಒರಟುತನದ ನೆರಳು ಎದುರುದಿಕ್ಕಿಗೆ ಬಿದ್ದು, ಜೋಡಣೆಯ ಗೆರೆ ಎದ್ದು ಕಾಣುತ್ತದೆ. ಉಬ್ಬು, ದಪ್ಪ ಬಣ್ಣ, ಚಿನ್ನ ಅಥವಾ ಉದುರುವ ಪುಡಿ, ಇವುಗಳಲ್ಲಿ ಯಾವುದೇ ಇದ್ದರೂ ಕ್ಯಾಮೆರಾ ಒಂದೇ ದಾರಿ.

ಹಂತ 4: ಬೆಳಕು ಮತ್ತು ಕ್ಯಾಮೆರಾವನ್ನು ಹೊಂದಿಸಿ

ಕೋಣೆಯ ಟ್ಯೂಬ್‌ಲೈಟ್ ಆರಿಸಿ, ಕಿಟಕಿಗಳಿಗೆ ಪರದೆ ಎಳೆಯಿರಿ. ಎರಡು ಬಗೆಯ ಬೆಳಕು ಒಂದೇ ಚಿತ್ರದ ಮೇಲೆ ಬಿದ್ದರೆ ಆಮೇಲೆ ಯಾವ ತಿದ್ದುಪಡಿಯಿಂದಲೂ ಬಣ್ಣ ಸರಿಹೋಗುವುದಿಲ್ಲ. ಫ್ಯಾನನ್ನೂ ನಿಲ್ಲಿಸಿ. ನೀವು ತೊಟ್ಟಿರುವ ಬಟ್ಟೆ ಕಪ್ಪು ಅಥವಾ ಬೂದು ಬಣ್ಣದ್ದಿರಲಿ, ಏಕೆಂದರೆ ಕಡುಗೆಂಪು ಅಂಗಿಯ ಛಾಯೆ ಬಿಳಿ ಕಾಗದದ ಮೇಲೆ ಬೀಳುತ್ತದೆ. ಎರಡು ದೀಪಗಳನ್ನು ಚಿತ್ರದ ಎಡಬಲಗಳಲ್ಲಿ 45 ಡಿಗ್ರಿ ಕೋನದಲ್ಲಿ, ಸಮಾನ ದೂರದಲ್ಲಿ ಮತ್ತು ಸಮಾನ ಎತ್ತರದಲ್ಲಿ ನಿಲ್ಲಿಸಿ. ದೀಪಗಳು ಚಿತ್ರಕ್ಕೆ ಹತ್ತಿರವಾದಷ್ಟೂ ಅಂಚು ಬೆಳಗಿ ನಡುಭಾಗ ಮಂಕಾಗುವುದರಿಂದ, ಚಿತ್ರದ ಉದ್ದನೆಯ ಬದಿಯ ಎರಡರಷ್ಟಾದರೂ ದೂರ ಇಡಲು ಪ್ರಯತ್ನಿಸಿ.

ಬೆಳಕು ಸಮನಾಗಿದೆಯೇ ಎಂಬುದನ್ನು ಕಣ್ಣಿನಿಂದ ತೀರ್ಮಾನಿಸಬೇಡಿ. ಕಣ್ಣು ತಾನೇ ಹೊಂದಿಸಿಕೊಂಡು ವ್ಯತ್ಯಾಸವನ್ನು ಮರೆಸುತ್ತದೆ. ಚಿತ್ರದ ಜಾಗದಲ್ಲಿ ಅಷ್ಟೇ ದೊಡ್ಡದಾದ ಖಾಲಿ ಬಿಳಿ ಹಾಳೆ ಇಟ್ಟು ಒಂದು ಫೋಟೋ ತೆಗೆದು, ಅದರ ನಾಲ್ಕು ಮೂಲೆ ಮತ್ತು ನಡುಭಾಗದ ಆರ್‌ಜಿಬಿ (ಕೆಂಪು, ಹಸಿರು, ನೀಲಿ) ಸಂಖ್ಯೆಗಳನ್ನು ಕಂಪ್ಯೂಟರಿನಲ್ಲಿ ಓದಿ. 255ರ ಮಾಪನದಲ್ಲಿ ಅವುಗಳ ನಡುವಿನ ವ್ಯತ್ಯಾಸ ನಾಲ್ಕೈದಕ್ಕಿಂತ ಹೆಚ್ಚಿದ್ದರೆ ದೀಪಗಳನ್ನು ಸರಿಸಿ ಮತ್ತೆ ನೋಡಿ. ಈ ಖಾಲಿ ಹಾಳೆಯ ಫೋಟೋವನ್ನು ಅಳಿಸಬೇಡಿ. ಲೈಟ್‌ರೂಮ್‌ನಲ್ಲಿರುವ ಫ್ಲ್ಯಾಟ್ ಫೀಲ್ಡ್ ಕರೆಕ್ಷನ್ ಎಂಬ ಸೌಲಭ್ಯಕ್ಕೆ ಇದನ್ನು ಕೊಟ್ಟರೆ ಉಳಿದ ಸಣ್ಣ ವ್ಯತ್ಯಾಸವನ್ನು ಅದು ಸರಿಪಡಿಸುತ್ತದೆ.

ಮುಂದಿನದು ಕ್ಯಾಮೆರಾ ಚಿತ್ರಕ್ಕೆ ಸಮಾನಾಂತರವಾಗಿದೆಯೇ ಎಂಬ ಪರೀಕ್ಷೆ. ಚಿತ್ರ ನೇತುಹಾಕುವ ಜಾಗದ ನಟ್ಟನಡುವೆ ಚಪ್ಪಟೆ ಕನ್ನಡಿಯನ್ನು ಗೋಡೆಗೆ ಅಥವಾ ಹಲಗೆಗೆ ಒತ್ತಿ ಹಿಡಿದು ಕ್ಯಾಮೆರಾದ ಮೂಲಕ ನೋಡಿ. ಕನ್ನಡಿಯೊಳಗೆ ನಿಮ್ಮದೇ ಲೆನ್ಸ್ ಕಾಣುತ್ತದೆ. ಲೆನ್ಸಿನ ನಡುಬಿಂದು ಚೌಕಟ್ಟಿನ ನಡುಬಿಂದುವಿಗೆ ಸರಿಯಾಗಿ ಕೂರುವವರೆಗೆ ಟ್ರೈಪಾಡನ್ನು ಹೊಂದಿಸಿದರೆ ಕ್ಯಾಮೆರಾ ಕರಾರುವಾಕ್ಕಾಗಿ ಎದುರು ನಿಂತಿದೆ ಎಂದರ್ಥ. ಓರೆಯಾಗಿ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ನೆಟ್ಟಗೆ ಮಾಡಿದರೆ ಒಂದು ಬದಿಯ ಪಿಕ್ಸೆಲ್‌ಗಳು ಹಿಗ್ಗಿ ಆ ಭಾಗದ ಗೆರೆಗಳು ಮೆತ್ತಗಾಗುತ್ತವೆ.

ಐಎಸ್ಒ 100, ಅಪರ್ಚರ್ ಎಫ್ 8, ರಾ ಫೈಲ್, ಎರಡು ಸೆಕೆಂಡಿನ ಟೈಮರ್. ಕ್ಯಾಮೆರಾದ ಪರದೆಯಲ್ಲಿ ಚಿತ್ರವನ್ನು ಹಿಗ್ಗಿಸಿ ಒಂದು ಸಣ್ಣ ಗೆರೆಯ ಮೇಲೆ ಕೈಯಿಂದಲೇ ಫೋಕಸ್ ಮಾಡಿ. ಮೊದಲು ಕಲರ್ ಚೆಕರ್ ಕಾರ್ಡನ್ನು ಚಿತ್ರದ ಮುಂದೆ ಹಿಡಿದು ಒಂದು ಫೋಟೋ, ಆಮೇಲೆ ಏನನ್ನೂ ಬದಲಿಸದೆ ಬರಿಯ ಚಿತ್ರದ ಫೋಟೋ. ಎಕ್ಸ್‌ಪೋಶರನ್ನು ಚಿತ್ರ ನೋಡಿ ನಿರ್ಧರಿಸದೆ ಕಾರ್ಡ್ ನೋಡಿ ನಿರ್ಧರಿಸಿ: ಬೇರೇನೂ ತಿದ್ದದೆ ತೆರೆದಾಗ ಬಿಳಿ ಚೌಕದ ಸಂಖ್ಯೆ 243ರ ಆಸುಪಾಸಿನಲ್ಲಿಯೂ ಕಪ್ಪು ಚೌಕದ್ದು 52ರ ಆಸುಪಾಸಿನಲ್ಲಿಯೂ ಇದ್ದರೆ ಸರಿಯಾದ ಹಾದಿಯಲ್ಲಿದ್ದೀರಿ. ಬಿಳಿ ಚೌಕ 255 ಮುಟ್ಟಿದ್ದರೆ ತೆಳು ಜಲವರ್ಣದ ಮೊದಲ ಲೇಪಗಳು ಆಗಲೇ ಕಳೆದುಹೋಗಿವೆ, ಮತ್ತೆ ತೆಗೆಯಬೇಕು.

ಹಂತ 5: ಚಿನ್ನದ ರೇಕು ಮತ್ತು ಗೆಸ್ಸೋ ಉಬ್ಬು

ಹೆಚ್ಚಿನವರು ಎಡವುವುದು ಇಲ್ಲಿ, ಮತ್ತು ಇದಕ್ಕೆ ಕಾರಣ ಸರಳ. ಬಣ್ಣ ತನ್ನ ಮೇಲೆ ಬಿದ್ದ ಬೆಳಕನ್ನು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. ಚಿನ್ನದ ರೇಕು ಕನ್ನಡಿಯಂತೆ ಒಂದೇ ದಿಕ್ಕಿಗೆ ಹಿಂದಿರುಗಿಸುತ್ತದೆ. 45 ಡಿಗ್ರಿಯಲ್ಲಿರುವ ದೀಪಗಳ ಬೆಳಕು ಚಿನ್ನಕ್ಕೆ ತಗುಲಿ ಕ್ಯಾಮೆರಾದಿಂದ ಆಚೆಗೆ ಹೋಗುವುದರಿಂದ, ಕ್ಯಾಮೆರಾಕ್ಕೆ ಚಿನ್ನದಲ್ಲಿ ಕಾಣುವುದು ಎದುರಿನ ಕತ್ತಲ ಕೋಣೆ ಮಾತ್ರ. ಕಿರೀಟ, ಪ್ರಭಾವಳಿ, ಸೀರೆಯ ಅಂಚು ಎಲ್ಲವೂ ಕಂದುಬಣ್ಣವಾಗುವುದು ಹೀಗೆ. ಆಗ ಹಲವರು ಕಂಪ್ಯೂಟರಿನಲ್ಲಿ ಹಳದಿ ಸುರಿಯುತ್ತಾರೆ. ಫಲವಾಗಿ ಚಿನ್ನ ಅರಿಸಿನದ ಬಣ್ಣಕ್ಕೆ ಬರುತ್ತದೆಯೇ ಹೊರತು ಚಿನ್ನವಾಗುವುದಿಲ್ಲ.

ಸರಿಯಾದ ವಿಧಾನವೆಂದರೆ ಟ್ರೈಪಾಡನ್ನಾಗಲಿ ಚಿತ್ರವನ್ನಾಗಲಿ ಕೂದಲೆಳೆಯಷ್ಟೂ ಕದಲಿಸದೆ ಎರಡು ಫೋಟೋ ತೆಗೆಯುವುದು. ಮೊದಲನೆಯದು ಬಣ್ಣಗಳಿಗಾಗಿ, ಮೇಲೆ ಹೇಳಿದ ಸಾಮಾನ್ಯ ಬೆಳಕಿನಲ್ಲಿ. ಎರಡನೆಯದು ಚಿನ್ನಕ್ಕಾಗಿ. ಇದಕ್ಕೆ ದೊಡ್ಡ ಥರ್ಮಕೋಲ್ ಹಾಳೆಯನ್ನು ಕ್ಯಾಮೆರಾದ ಮೇಲ್ಭಾಗದಲ್ಲಿ ಚಿತ್ರದ ಕಡೆಗೆ ಬಾಗಿಸಿ ಹಿಡಿದು, ಒಂದು ದೀಪವನ್ನು ಆ ಹಾಳೆಯ ಕಡೆಗೆ ತಿರುಗಿಸಿ. ಚಿನ್ನದಲ್ಲಿ ಈಗ ಕತ್ತಲ ಕೋಣೆಯ ಬದಲು ಬೆಳಗಿದ ಬಿಳಿ ಹಾಳೆ ಪ್ರತಿಫಲಿಸುತ್ತದೆ, ಮತ್ತು ರೇಕು ಮೃದುವಾಗಿ ಹೊಳೆಯುತ್ತದೆ. ಹಾಳೆಯನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸುತ್ತಾ ಕ್ಯಾಮೆರಾದ ಪರದೆಯನ್ನೇ ನೋಡುತ್ತಿರಿ: ಒಂದು ಕೋನದಲ್ಲಿ ಗೆಸ್ಸೋ ಚುಕ್ಕಿಗಳ ಒಂದು ಬದಿ ಬೆಳಗಿ ಇನ್ನೊಂದು ಬದಿಯಲ್ಲಿ ಸಣ್ಣ ನೆರಳು ಉಳಿದು, ಒಡವೆಯ ಪ್ರತಿ ಮಣಿಯೂ ಬೇರೆಬೇರೆಯಾಗಿ ಎದ್ದುನಿಲ್ಲುತ್ತದೆ. ಆ ಕೋನದಲ್ಲಿ ನಿಲ್ಲಿಸಿ ಫೋಟೋ ತೆಗೆಯಿರಿ. ನೆರಳು ಪೂರ್ತಿ ಮಾಯವಾದರೆ ಉಬ್ಬು ಸಪಾಟಾಗಿ ಕಾಣುತ್ತದೆ. ನೆರಳು ಉದ್ದವಾದರೆ ಮೈಸೂರು ಶೈಲಿಯ ತೆಳುವಾದ ಉಬ್ಬು ತಂಜಾವೂರಿನ ದಪ್ಪ ಉಬ್ಬಿನಂತೆ ಕಾಣತೊಡಗುತ್ತದೆ. ಎರಡೂ ಮೂಲಕ್ಕೆ ಮಾಡುವ ಅನ್ಯಾಯ.

ಕಂಪ್ಯೂಟರಿನಲ್ಲಿ ಎರಡು ಫೋಟೋಗಳನ್ನು ಒಂದರ ಮೇಲೊಂದು ಲೇಯರ್‌ಗಳಾಗಿ ಇಟ್ಟು, ಮೇಲಿನದಕ್ಕೆ ಮಾಸ್ಕ್ (ಬೇಡದ ಭಾಗವನ್ನು ಮರೆಮಾಡುವ ಪದರ) ಹಾಕಿ, ಚಿನ್ನದ ಭಾಗ ಮಾತ್ರ ಎರಡನೆಯ ಫೋಟೋದಿಂದ ಬರುವಂತೆ ಬಿಡಿಸಿ. ಮಾಸ್ಕಿನ ಅಂಚು ಒಂದೆರಡು ಪಿಕ್ಸೆಲ್‌ನಷ್ಟು ಮೃದುವಾಗಿರಲಿ. ಇದು ಗಂಟೆಗಟ್ಟಲೆ ಹಿಡಿಯುವ ಕೆಲಸ. ಸಣ್ಣ ಜರಿಯ ಚುಕ್ಕಿಗಳಿಗಿಂತ ಮೊದಲು ಪ್ರಭಾವಳಿ ಮತ್ತು ಕಿರೀಟದಂಥ ದೊಡ್ಡ ಭಾಗಗಳನ್ನು ಮುಗಿಸಿಕೊಳ್ಳುವುದು ಲೇಸು.

ವಾರ್ನಿಶ್ ಹಚ್ಚಿದ ತೈಲವರ್ಣಕ್ಕೆ ಬಳಸುವ ಕ್ರಾಸ್ ಪೋಲರೈಸೇಶನ್ ವಿಧಾನ, ಅಂದರೆ ದೀಪಗಳಿಗೆ ಪೋಲರೈಸಿಂಗ್ ಹಾಳೆ ಹಾಕಿ ಲೆನ್ಸಿನ ಫಿಲ್ಟರನ್ನು ಅದಕ್ಕೆ ಅಡ್ಡಲಾಗಿ ತಿರುಗಿಸುವುದು, ಬಣ್ಣದ ಮೇಲಿನ ಹೊಳಪನ್ನು ಪೂರ್ತಿ ತೆಗೆದುಹಾಕುತ್ತದೆ. ಆದರೆ ಅದು ಚಿನ್ನವನ್ನು ಇನ್ನೂ ಕಪ್ಪಾಗಿಸುತ್ತದೆ. ಮೈಸೂರು ಚಿತ್ರದಲ್ಲಿ ಇದನ್ನು ಮೊದಲ ಫೋಟೋಗೆ ಬಳಸಿದರೂ ಎರಡನೆಯದಕ್ಕೆ ಬಳಸಬೇಡಿ. ಈ ವಿಧಾನದಲ್ಲಿ ಬೆಳಕು ಬಹಳ ಕುಗ್ಗುವುದರಿಂದ ಶಟರಿನ ಸಮಯವನ್ನು ಹೆಚ್ಚಿಸಬೇಕೇ ಹೊರತು ಐಎಸ್ಒ ಹೆಚ್ಚಿಸಬಾರದು.

ಇಷ್ಟೆಲ್ಲ ಮಾಡಿದರೂ ಇಂಕ್‌ಜೆಟ್ ಶಾಯಿಯಲ್ಲಿ ಲೋಹವಿಲ್ಲ ಎಂಬುದನ್ನು ಮರೆಯಬಾರದು. ಪ್ರಿಂಟಿನಲ್ಲಿ ಕಾಣುವುದು ಚಿನ್ನದ ಚಿತ್ರವೇ ಹೊರತು ಚಿನ್ನವಲ್ಲ. ಕೊಳ್ಳುವವರಿಗೂ ಇದನ್ನು ಸ್ಪಷ್ಟವಾಗಿ ತಿಳಿಸಿ. ಮುದ್ರಿಸಿದ ಮೇಲೆ ಕಿರೀಟದಂಥ ಆಯ್ದ ಭಾಗಗಳಿಗೆ ಕೈಯಿಂದ ರೇಕು ಹಚ್ಚುವ ಕಲಾವಿದರಿದ್ದಾರೆ. ಹಾಗೆ ಮಾಡುವುದಾದರೆ ಒಂದು ಹಾಳು ಪ್ರಿಂಟಿನ ಮೇಲೆ ಮೊದಲು ಪ್ರಯೋಗಿಸಿ, ಅಂಟಿನ ತೇವಕ್ಕೆ ಶಾಯಿ ಹರಡುತ್ತದೆಯೇ ಎಂದು ನೋಡಿ.

ಹಂತ 6: ಬಣ್ಣ ಮುಟ್ಟುವ ಮುನ್ನ ಮಾನಿಟರ್ ಸರಿಪಡಿಸಿ

ಕಪ್ಪಿಟ್ಟ ಪ್ರಿಂಟಿನ ಮೂಲ ಬಹುಮಟ್ಟಿಗೆ ಇದೇ ಹಂತ. ಹೊಸ ಮಾನಿಟರ್‌ಗಳ ಹೊಳಪು ಸಾಮಾನ್ಯವಾಗಿ ಅಗತ್ಯಕ್ಕಿಂತ ಬಹಳ ಹೆಚ್ಚಿರುತ್ತದೆ. ಆ ಹೊಳಪಿನಲ್ಲಿ ಚಿತ್ರ ಸರಿಯಾಗಿ ಕಂಡಿತೆಂದು ನೀವು ಒಪ್ಪಿದ ಫೈಲ್ ನಿಜಕ್ಕೂ ಮಬ್ಬಾಗಿರುತ್ತದೆ, ಮತ್ತು ಸ್ವಂತ ಬೆಳಕಿಲ್ಲದ ಕಾಗದ ಆ ಮಬ್ಬನ್ನು ಇದ್ದಂತೆಯೇ ತೋರಿಸುತ್ತದೆ. ಕ್ಯಾಲಿಬ್ರೇಟರ್ ಬಳಸಿ ಹೊಳಪನ್ನು ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ ನಡುವೆ, ಗ್ಯಾಮಾ (ನಡುಮಟ್ಟದ ಛಾಯೆಗಳ ಬೆಳಗು) 2.2ಕ್ಕೆ, ಬಿಳಿಯ ಬಿಂದುವನ್ನು ಡಿ65ಕ್ಕೆ (ಸುಮಾರು 6500 ಕೆಲ್ವಿನ್) ಹೊಂದಿಸಿ. ರಾತ್ರಿ ವೇಳೆ ಪರದೆಯನ್ನು ಹಳದಿಯಾಗಿಸುವ ಸೌಲಭ್ಯವನ್ನು ಆಫ್ ಮಾಡಿಡಿ.

ಕ್ಯಾಲಿಬ್ರೇಟರ್ ಸಿಗದಿದ್ದರೆ ತಾತ್ಕಾಲಿಕವಾಗಿ ಹೀಗೆ ಮಾಡಬಹುದು: ಮುದ್ರಣಕ್ಕೆ ಆರಿಸಿದ ಕಾಗದದ ಖಾಲಿ ತುಂಡೊಂದನ್ನು 5000 ಕೆಲ್ವಿನ್ ದೀಪದ ಕೆಳಗೆ ಮಾನಿಟರಿನ ಪಕ್ಕದಲ್ಲಿಟ್ಟು, ಪರದೆಯಲ್ಲಿ ಖಾಲಿ ಬಿಳಿ ಪುಟ ತೆರೆದು, ಎರಡರ ಬೆಳಗು ಒಂದೇ ಮಟ್ಟಕ್ಕೆ ಬರುವವರೆಗೆ ಮಾನಿಟರಿನ ಹೊಳಪನ್ನು ಇಳಿಸಿ. ಇದರಿಂದ ಬಣ್ಣ ಕರಾರುವಾಕ್ಕಾಗದಿದ್ದರೂ ಪ್ರಿಂಟ್ ಕಪ್ಪಿಡುವ ತೊಂದರೆ ಬಹುಪಾಲು ತಪ್ಪುತ್ತದೆ. ಮೊಬೈಲ್ ಪರದೆಯನ್ನು ಬಣ್ಣದ ತೀರ್ಪಿಗೆ ಬಳಸಲೇಬೇಡಿ.

ಹಂತ 7: ರಾ ಫೈಲಿನಿಂದ ಮಾಸ್ಟರ್ ಫೈಲ್

ಮೊದಲು ಕಲರ್ ಚೆಕರ್ ಇರುವ ಫೋಟೋದಿಂದ ಕ್ಯಾಮೆರಾ ಪ್ರೊಫೈಲ್ (ಆ ಕ್ಯಾಮೆರಾ ಬಣ್ಣಗಳನ್ನು ಹೇಗೆ ದಾಖಲಿಸುತ್ತದೆ ಎಂಬ ವಿವರಣೆಯ ಫೈಲ್) ತಯಾರಿಸಿ, ಬೂದು ಚೌಕದ ಮೇಲೆ ವೈಟ್ ಬ್ಯಾಲೆನ್ಸ್ ಒತ್ತಿ, ಅದೇ ಹೊಂದಾಣಿಕೆಯನ್ನು ಚಿತ್ರದ ಫೋಟೋಗೆ ನಕಲು ಮಾಡಿ. ನಂತರ ಲೆನ್ಸಿನ ದೋಷ ಮತ್ತು ಬೆಳಕಿನ ಅಸಮತೆಯನ್ನು ಸರಿಪಡಿಸಿ, 16 ಬಿಟ್‌ನಲ್ಲಿ, ಅಡೋಬಿ ಆರ್‌ಜಿಬಿ ಬಣ್ಣದ ಪರಿಧಿಯಲ್ಲಿ ಫೋಟೋಶಾಪ್‌ಗೆ ಕಳುಹಿಸಿ. 8 ಬಿಟ್‌ನಲ್ಲಿ ಹೆಚ್ಚು ತಿದ್ದಿದರೆ ಆಕಾಶದಂಥ ನಯವಾದ ಭಾಗಗಳಲ್ಲಿ ಮೆಟ್ಟಿಲುಮೆಟ್ಟಿಲಾದ ಪಟ್ಟೆಗಳು ಮೂಡುತ್ತವೆ.

ಇನ್ನು ಮೂಲ ಚಿತ್ರವನ್ನು 5000 ಕೆಲ್ವಿನ್ ದೀಪದ ಕೆಳಗೆ ಪಕ್ಕದಲ್ಲೇ ಇಟ್ಟುಕೊಂಡು ಕೆಲಸ ಮಾಡಿ. ನೆನಪಿನಿಂದ ಬಣ್ಣ ತಿದ್ದುವುದು ಸರಿಯಲ್ಲ. ಅಲ್ಟ್ರಾಮರೀನ್ ಮತ್ತು ಕೋಬಾಲ್ಟ್ ನೀಲಿಗಳು ಕ್ಯಾಮೆರಾದಲ್ಲಿ ಅನೇಕ ವೇಳೆ ನೇರಳೆಗೆ ವಾಲುತ್ತವೆ. ಕೃಷ್ಣನ ಮೈಬಣ್ಣ ಹಾಗಾಗಿದ್ದರೆ ಇಡೀ ಚಿತ್ರದ ಬಣ್ಣ ಬದಲಿಸದೆ ನೀಲಿ ಭಾಗವನ್ನಷ್ಟೇ ಆರಿಸಿ ತಿದ್ದಿ. ಕೆಂಪಿನ ವಿಷಯದಲ್ಲಿ ಬೇರೆ ಎಚ್ಚರ ಬೇಕು: ಒಟ್ಟಾರೆ ಹಿಸ್ಟೋಗ್ರಾಂ (ಬೆಳಗಿನ ಹಂಚಿಕೆ ತೋರಿಸುವ ನಕ್ಷೆ) ಸರಿಯಾಗಿ ಕಂಡರೂ ಕೆಂಪು ಚಾನೆಲ್ ಒಂದೇ 255 ಮುಟ್ಟಿರಬಹುದು, ಆಗ ಕೆಂಪು ಸೀರೆಯ ಮಡಿಕೆಗಳೆಲ್ಲ ಮುದ್ದೆಯಾಗುತ್ತವೆ. ಮೂರೂ ಚಾನೆಲ್‌ಗಳನ್ನು ಬೇರೆಬೇರೆಯಾಗಿ ನೋಡಿ, ಅಗತ್ಯವಿದ್ದರೆ ರಾ ಫೈಲಿಗೆ ಹಿಂದಿರುಗಿ ಎಕ್ಸ್‌ಪೋಶರ್ ಇಳಿಸಿ.

ಜಲವರ್ಣದಲ್ಲಿ ಬಣ್ಣ ಹಚ್ಚದ ಬಿಳಿ ಕಾಗದದ ಭಾಗವನ್ನು ಏನು ಮಾಡಬೇಕು ಎಂಬುದನ್ನು ನೀವೇ ತೀರ್ಮಾನಿಸಬೇಕು. ಅದನ್ನು ಇದ್ದಂತೆ ಬಿಟ್ಟರೆ ತೆಳು ಕೆನೆಬಣ್ಣದ ಆಯತವೊಂದು ಪ್ರಿಂಟಿನ ಬಿಳಿ ಅಂಚಿನ ಎದುರು ಎದ್ದು ಕಾಣುತ್ತದೆ. ಪೂರ್ತಿ ಬಿಳಿಯಾಗಿಸಿದರೆ ಹತ್ತಿರದ ತೆಳು ಲೇಪಗಳು ಅಳಿದುಹೋಗುತ್ತವೆ. ಚಿತ್ರದ ಸುತ್ತ ಖಾಲಿ ಜಾಗವಿರುವಾಗ ಅಂಚಿನತ್ತ ಕ್ರಮೇಣ ಬಿಳಿಯಾಗುವಂತೆ ಮೃದುವಾದ ಮಾಸ್ಕ್ ಬಳಸುವುದು ನನಗೆ ಸರಿಯೆನಿಸುತ್ತದೆ. ಕಾಗದದ ಹರಕು ಅಂಚೇ ಚಂದವಿದ್ದರೆ ಅದನ್ನು ನೆರಳಿನ ಸಮೇತ ಉಳಿಸಿಕೊಳ್ಳುವುದೂ ಒಪ್ಪುವಂಥದ್ದೇ.

ಧೂಳಿನ ಕಲೆಗಳನ್ನು ಪ್ರತ್ಯೇಕ ಲೇಯರಿನಲ್ಲಿ, 100 ಪ್ರತಿಶತ ಹಿಗ್ಗಿಸಿಕೊಂಡು, ಮೇಲಿನ ಎಡಮೂಲೆಯಿಂದ ಸಾಲುಸಾಲಾಗಿ ಅಳಿಸಿ. ಈ ಫೈಲನ್ನು ಎಲ್ಲ ಲೇಯರ್‌ಗಳ ಸಮೇತ, ಶಾರ್ಪನ್ ಮಾಡದೆ, ಮಾಸ್ಟರ್ ಎಂದು ಉಳಿಸಿ. ಮುಂದಿನ ಎಲ್ಲ ಕೆಲಸವೂ ಇದರ ಪ್ರತಿಯ ಮೇಲೆ.

ಹಂತ 8: ಕಾಗದದ ಪ್ರೊಫೈಲ್ ಇಟ್ಟು ಪರದೆಯಲ್ಲೇ ಪರೀಕ್ಷಿಸಿ

ನೀವು ಆರಿಸಿದ ಕಾಗದ ಮತ್ತು ಮುದ್ರಕರ ಪ್ರಿಂಟರಿಗೆ ಹೊಂದುವ ಐಸಿಸಿ ಪ್ರೊಫೈಲನ್ನು (ಆ ಪ್ರಿಂಟರ್ ಆ ಕಾಗದದಲ್ಲಿ ಬಣ್ಣಗಳನ್ನು ಹೇಗೆ ಮೂಡಿಸುತ್ತದೆ ಎಂದು ತಿಳಿಸುವ ಫೈಲ್) ಅವರಿಂದ ಕೇಳಿ ಪಡೆಯಿರಿ. ಫೋಟೋಶಾಪ್‌ನ ಪ್ರೂಫ್ ಸೆಟಪ್‌ನಲ್ಲಿ ಅದನ್ನು ಆರಿಸಿ, ಬ್ಲ್ಯಾಕ್ ಪಾಯಿಂಟ್ ಕಾಂಪೆನ್ಸೇಶನ್ ಗುರುತು ಹಾಕಿ, ಕಾಗದದ ಬಣ್ಣವನ್ನು ತೋರಿಸುವ ಆಯ್ಕೆಯನ್ನೂ ಒತ್ತಿ. ಚಿತ್ರ ತಟ್ಟನೆ ಮಂಕಾಗುತ್ತದೆ. ಗಾಬರಿ ಬೇಡ, ಪರದೆಯ ಸುತ್ತಲಿನ ಬೆಳ್ಳನೆಯ ಭಾಗಗಳನ್ನು ಮರೆಮಾಡಿ ಒಂದು ನಿಮಿಷ ನೋಡಿದರೆ ಕಣ್ಣು ಹೊಂದಿಕೊಳ್ಳುತ್ತದೆ. ಕಾಗದದಲ್ಲಿ ಮೂಡದ ಬಣ್ಣಗಳನ್ನು ಹೊಂದಿಸುವ ರೆಂಡರಿಂಗ್ ಆಯ್ಕೆಗಳಾದ ರಿಲೇಟಿವ್ ಕಲರಿಮೆಟ್ರಿಕ್ ಮತ್ತು ಪರ್ಸೆಪ್ಚುಯಲ್ ಎರಡನ್ನೂ ಹಾಕಿ ನೋಡಿ, ಯಾವುದರಲ್ಲಿ ಗಾಢ ಬಣ್ಣಗಳ ಒಳವಿವರ ಉಳಿಯುತ್ತದೆಯೋ ಅದನ್ನು ಮುದ್ರಕರಿಗೆ ತಿಳಿಸಿ. ಹೊಳೆಯುವ ಫ್ಲೋರೊಸೆಂಟ್ ಗುಲಾಬಿಯಂಥ ಬಣ್ಣಗಳು ಯಾವ ಕಾಗದದಲ್ಲೂ ಮೂಲದಂತೆ ಬರುವುದಿಲ್ಲ.

ಫೈಲನ್ನು ಆ ಪ್ರೊಫೈಲಿಗೆ ಪರಿವರ್ತಿಸಬೇಡಿ. ಅದು ನೋಡುವುದಕ್ಕೆ ಮಾತ್ರ. ಸಿಎಂವೈಕೆಗೆ (ಆಫ್‌ಸೆಟ್ ಮುದ್ರಣದ ನಾಲ್ಕು ಶಾಯಿಗಳ ಬಣ್ಣ ವ್ಯವಸ್ಥೆ) ಪರಿವರ್ತಿಸುವುದೂ ಬೇಡ. ಲಗ್ನಪತ್ರಿಕೆ ಮುದ್ರಿಸುವ ಆಫ್‌ಸೆಟ್ ಪ್ರೆಸ್ಸಿನವರು ಸಿಎಂವೈಕೆ ಕೇಳುವುದರಿಂದ ಎಲ್ಲ ಮುದ್ರಣಕ್ಕೂ ಅದೇ ಬೇಕೆಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಹತ್ತು ಹನ್ನೆರಡು ಶಾಯಿಗಳ ಕಲಾಮುದ್ರಣ ಯಂತ್ರಗಳು ಆರ್‌ಜಿಬಿ ಫೈಲನ್ನೇ ಬಯಸುತ್ತವೆ. ಪರಿವರ್ತಿಸಿದರೆ ಆ ಶಾಯಿಗಳು ಕೊಡಬಲ್ಲ ಬಣ್ಣಗಳಲ್ಲಿ ಒಂದು ಪಾಲನ್ನು ನೀವೇ ಎಸೆದಂತೆ.

ಹಂತ 9: ಅಂತಿಮ ಫೈಲ್

ಮಾಸ್ಟರಿನ ಪ್ರತಿಯನ್ನು ಲೇಯರ್‌ಗಳಿಲ್ಲದಂತೆ ಒಂದಾಗಿಸಿ, ನಿಖರವಾದ ಮುದ್ರಣದ ಅಳತೆಗೆ ತನ್ನಿ, ಅದಾದ ಮೇಲೆ ಮಾತ್ರ ಶಾರ್ಪನ್ ಮಾಡಿ. ಮ್ಯಾಟ್ ಕಾಗದದಲ್ಲಿ ಶಾಯಿ ಸ್ವಲ್ಪ ಹೀರಿಕೊಳ್ಳುವುದರಿಂದ ಹೊಳಪು ಕಾಗದಕ್ಕಿಂತ ತುಸು ಹೆಚ್ಚು ಶಾರ್ಪನ್ ಬೇಕು. ಗೆರೆಗಳ ಸುತ್ತ ಬಿಳಿಯ ಪ್ರಭೆ ಕಂಡರೆ ಅತಿಯಾಗಿದೆ ಎಂದರ್ಥ.

ಕ್ಯಾನ್ವಾಸನ್ನು ಮರದ ಚೌಕಟ್ಟಿಗೆ ಸುತ್ತಿಸುವುದಾದರೆ, ಒಂದೂವರೆ ಇಂಚು ದಪ್ಪದ ಪಟ್ಟಿಗೆ ಪ್ರತಿ ಬದಿಗೂ ಎರಡು ಇಂಚು ಹೆಚ್ಚುವರಿ ಚಿತ್ರ ಬೇಕು. ಮೂಲದಲ್ಲಿ ಅಷ್ಟು ಜಾಗವಿಲ್ಲದಿದ್ದರೆ ಅಂಚಿನ ಭಾಗವನ್ನೇ ಕನ್ನಡಿಬಿಂಬವಾಗಿ ತಿರುಗಿಸಿ ಸೇರಿಸಿ. ಸಹಿ ಪಕ್ಕಕ್ಕೆ ಮಡಚಿಹೋಗುವುದು ಈ ಲೆಕ್ಕ ತಪ್ಪಿದಾಗಲೇ.

ಟಿಫ್ ರೂಪದಲ್ಲಿ, ಅಡೋಬಿ ಆರ್‌ಜಿಬಿ ಪ್ರೊಫೈಲ್ ಸೇರಿಸಿ ಉಳಿಸಿ. 300ರ ರೆಸಲ್ಯೂಶನ್‌ನಲ್ಲಿ ಎ2 ಅಳತೆಯ 8 ಬಿಟ್ ಫೈಲ್ ಸುಮಾರು 100 ಎಂಬಿ, 16 ಬಿಟ್ ಆದರೆ 200 ಎಂಬಿ ದಾಟುತ್ತದೆ. ನಿಮ್ಮ ಫೈಲ್ ಐದಾರು ಎಂಬಿ ಇದ್ದರೆ ಎಲ್ಲೋ ಕುಗ್ಗಿದೆ ಎಂದು ತಿಳಿಯಿರಿ. ಹೆಸರಿನಲ್ಲಿ ಕೃತಿಯ ಹೆಸರು, ಅಳತೆ, ಕಾಗದ ಮತ್ತು ದಿನಾಂಕ ಇರಲಿ. ‘ಫೈನಲ್’, ‘ಹೊಸ ಫೈನಲ್’ ಎಂಬ ಹೆಸರುಗಳು ಮುದ್ರಕರನ್ನು ದಾರಿ ತಪ್ಪಿಸುತ್ತವೆ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳುಹಿಸಿದರೆ ಅದು ಚಿತ್ರವನ್ನು ಕುಗ್ಗಿಸಿಬಿಡುತ್ತದೆ. ಗೂಗಲ್ ಡ್ರೈವ್ ಕೊಂಡಿ ಅಥವಾ ಪೆನ್‌ಡ್ರೈವ್ ಬಳಸಿ.

ಹಂತ 10: ಪರೀಕ್ಷಾ ಪ್ರಿಂಟ್ ಇಲ್ಲದೆ ಪ್ರತಿಗಳಿಗೆ ಒಪ್ಪಿಗೆ ಕೊಡಬೇಡಿ

ಇಡೀ ಚಿತ್ರವನ್ನು ಸಣ್ಣದಾಗಿಸಿ ಮುದ್ರಿಸಿದ ಮಾದರಿಯಿಂದ ಬಣ್ಣ ತಿಳಿದರೂ ಗೆರೆಗಳ ಸ್ಪಷ್ಟತೆ ತಿಳಿಯುವುದಿಲ್ಲ. ಆದ್ದರಿಂದ ಪೂರ್ಣ ಅಳತೆಯ ಚಿತ್ರದಿಂದ ಮೂರು ನಾಲ್ಕು ಪಟ್ಟಿಗಳನ್ನು, ಅಂದರೆ ಮುಖ, ಅತಿ ಗಾಢ ಭಾಗ, ಅತಿ ತೆಳು ಲೇಪ ಮತ್ತು ಚಿನ್ನ ಇರುವ ತುಂಡುಗಳನ್ನು, ಕತ್ತರಿಸಿ ಒಂದೇ ಹಾಳೆಯಲ್ಲಿ ಅದೇ ಕಾಗದದ ಮೇಲೆ ಮುದ್ರಿಸಲು ಹೇಳಿ. ಶಾಯಿ ಒಣಗಿ ಬಣ್ಣ ನೆಲೆಗೊಳ್ಳಲು ಒಂದು ದಿನ ಬಿಟ್ಟು, ಮೊದಲು 5000 ಕೆಲ್ವಿನ್ ದೀಪದ ಕೆಳಗೆ, ಆಮೇಲೆ ಮನೆಯ ಸಾಮಾನ್ಯ ಬೆಳಕಿನಲ್ಲಿ ಮೂಲದ ಪಕ್ಕ ಇಟ್ಟು ನೋಡಿ.

ಪಟ್ಟಿಯಲ್ಲಿ ಕಾಣುವ ದೋಷವೇ ಯಾವ ಹಂತಕ್ಕೆ ಹಿಂದಿರುಗಬೇಕೆಂದು ಹೇಳುತ್ತದೆ. ಎಲ್ಲವೂ ಸಮನಾಗಿ ಕಪ್ಪಿಟ್ಟಿದ್ದರೆ ಮಾನಿಟರಿನ ಹೊಳಪು ನೋಡಿ. ಒಂದು ಬದಿ ಮಾತ್ರ ಮಂಕಾಗಿದ್ದರೆ ಬೆಳಕಿನ ಸಮತೆ ತಪ್ಪಿದೆ. ಬೂದು ಭಾಗಗಳಲ್ಲೂ ಗುಲಾಬಿ ಅಥವಾ ಹಸಿರು ಛಾಯೆ ಇದ್ದರೆ ಪ್ರೊಫೈಲ್ ಸೇರಿಸುವುದು ಮರೆತಿದೆ, ಇಲ್ಲವೇ ಮುದ್ರಣದ ವೇಳೆ ಸಾಫ್ಟ್‌ವೇರ್ ಮತ್ತು ಪ್ರಿಂಟರ್ ಎರಡೂ ಕಡೆ ಬಣ್ಣ ನಿರ್ವಹಣೆ ನಡೆದಿದೆ. ಒಂದೇ ಬಣ್ಣ ತಪ್ಪಿ ಉಳಿದವು ಸರಿಯಿದ್ದರೆ ಆ ಬಣ್ಣ ಶಾಯಿಯ ಪರಿಧಿಯಿಂದ ಹೊರಗಿರಬಹುದು. ಅದಕ್ಕೆ ಕಾಗದ ಬದಲಿಸುವುದೊಂದೇ ಪ್ರಯತ್ನಿಸಬಹುದಾದ ದಾರಿ. ಮುದ್ರಣದುದ್ದಕ್ಕೂ ಸಮಾನ ಅಂತರದ ತೆಳು ಗೆರೆಗಳಿದ್ದರೆ ಅದು ಯಂತ್ರದ ನಾಝಲ್ (ಶಾಯಿ ಚಿಮ್ಮುವ ರಂಧ್ರ) ದೋಷ, ಮುದ್ರಕರೇ ಸರಿಪಡಿಸಬೇಕು.

ಒಪ್ಪಿದ ಪಟ್ಟಿಯ ಹಿಂಬದಿಯಲ್ಲಿ ಫೈಲಿನ ಹೆಸರು, ಕಾಗದ, ಪ್ರೊಫೈಲ್, ರೆಂಡರಿಂಗ್ ಆಯ್ಕೆ ಮತ್ತು ದಿನಾಂಕವನ್ನು ಪೆನ್ಸಿಲ್‌ನಲ್ಲಿ ಬರೆದು ಇಟ್ಟುಕೊಳ್ಳಿ. 25 ಪ್ರತಿಗಳ ಆವೃತ್ತಿಯಲ್ಲಿ ಹತ್ತನ್ನು ಈಗ, ಉಳಿದವನ್ನು ಮುಂದಿನ ವರ್ಷ ತೆಗೆಸಿದಾಗ ಎರಡನ್ನೂ ಹೋಲಿಸಿ ನೋಡಲು ಈ ಪಟ್ಟಿಯೇ ಆಧಾರ. ಪ್ರಿಂಟ್‌ಗಳನ್ನು ಪಡೆಯುವಾಗ ಮ್ಯಾಟ್ ಕಾಗದದ ಮುಖವನ್ನು ಬೆರಳಿನಿಂದ ಮುಟ್ಟಬೇಡಿ, ಎರಡು ಪ್ರಿಂಟ್‌ಗಳ ನಡುವೆ ಆಮ್ಲರಹಿತ ತೆಳು ಕಾಗದ ಇಡಿಸಿ. ಕೊಳವೆಯಲ್ಲಿ ಸುತ್ತಿ ಒಯ್ಯುವುದಾದರೆ ಅದರ ವ್ಯಾಸ ನಾಲ್ಕು ಇಂಚಿಗೆ ಕಡಿಮೆಯಿರದಂತೆ ನೋಡಿಕೊಳ್ಳಿ, ಮತ್ತು ಮನೆಗೆ ತಂದ ದಿನವೇ ಬಿಚ್ಚಿ ಚಪ್ಪಟೆಯಾಗಿ ಹರಡಿ.